ಐದು ಸೆಂಟಿಮೀಟರ್ ಹುಲ್ಲು

ಯುಗಾದಿಗೆ ಇನ್ನು ನಾಲ್ಕು ದಿನ ಇತ್ತು. ನಮ್ಮ ಅಕ್ಕಿಹೆಬ್ಬಾಳಿನಲ್ಲಿ ಬಿಸಿಲು ಆಗಲೇ ಏರಿತ್ತು, ಹೇಮಾವತಿ ಹೊಳೆಯ ನೀರು ಇಳಿದಿತ್ತು. ಬೆಳಿಗ್ಗೆ ಏಳಕ್ಕೆಲ್ಲ ಕುರಿ ವ್ಯಾಪಾರಿಯ ಗೂಡ್ಸ್ ಆಟೊ ಮನೆ ಮುಂದೆ ಬಂದು ನಿಂತಿತು.

ಮಂಡ್ಯ ಸೀಮೆಯ ಹಬ್ಬ ಬಲ್ಲವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಯುಗಾದಿಯ ದಿನ ಬೇವು ಬೆಲ್ಲ, ಹೋಳಿಗೆ. ಮಾರನೆಯ ದಿನ ಹೊಸತೊಡಕು. ಮಾಂಸ ತಿನ್ನುವವರ ಮನೆಗಳಲ್ಲಿ ಅಂದು ಬಾಡೂಟ. ಹತ್ತಾರು ಮನೆಯವರು ಹಣ ಸೇರಿಸಿ ಕುರಿ ತಂದು, ಮಾಂಸವನ್ನು ಸಮಪಾಲಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿಯೂ ಇದೆ. ಹಾಗಾಗಿ ಆ ವಾರ ಕುರಿಗೆ ಒಳ್ಳೆಯ ಬೆಲೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹತ್ತು ಹನ್ನೆರಡು ಕುರಿ ಸಾಕಿಕೊಂಡಿದ್ದೇನೆ. ಆ ಸಲ ಐದು ಟಗರು, ಒಂದು ಹೆಣ್ಣು ಕುರಿ ಕೊಡುವುದೆಂದು ಮಾತಾಗಿತ್ತು.

ವ್ಯಾಪಾರಿ ಮೊದಲ ಟಗರನ್ನು ನೆಲಕ್ಕೆ ಕೆಡವಿ, ನಾಲ್ಕು ಕಾಲನ್ನೂ ಸೇರಿಸಿ ಹಗ್ಗ ಬಿಗಿದ. ಜಗುಲಿಯ ಮೇಲೆ ಕೂತು ಹಾಲು ಕುಡಿಯುತ್ತಿದ್ದ ಮೊಮ್ಮಗಳು ಲೋಟ ಕೆಳಗಿಟ್ಟಳು. ಅವಳು ಏಳನೇ ತರಗತಿ.

"ತಾತ, ಅದಕ್ಕೆ ನಡೆಯೋಕೆ ಬರುತ್ತಲ್ಲ. ಮತ್ತೆ ಕಾಲು ಯಾಕೆ ಕಟ್ತಾರೆ?"

"ಕಟ್ಟದೆ ಇದ್ರೆ ದಾರೀಲಿ ಎಗರಿಬುಡ್ತವೆ ಕಣವ್ವ," ಎಂದ ವ್ಯಾಪಾರಿ.

ಅವಳು ಆಟೊ ಒಳಗೆ ಇಣುಕಿದಳು. ಬರಿಯ ತಗಡಿನ ತಳ. ಬೇರೆ ಊರಿನಲ್ಲಿ ಹತ್ತಿಸಿಕೊಂಡಿದ್ದ ನಾಲ್ಕು ಕುರಿ ಕಾಲು ಕಟ್ಟಿಸಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಒಂದು ಕುರಿಯ ಕತ್ತು ಇನ್ನೊಂದರ ಹೊಟ್ಟೆಯ ಕೆಳಗೆ ಸಿಕ್ಕಿತ್ತು.

"ತಾತ, ಅದಕ್ಕೆ ಉಸಿರಾಡೋಕೆ ಆಗ್ತಿಲ್ಲ."

ನಾನು ಆ ಕುರಿಯ ತಲೆಯನ್ನು ಈಚೆಗೆ ಎಳೆದೆ. ವ್ಯಾಪಾರಿಗೆ, "ಇವತ್ತು ಬೇಡ, ನಾಳೆ ಬಾರಪ್ಪ," ಎಂದೆ.

"ಏನ್ ಮೇಷ್ಟ್ರೇ, ಮಗು ಮಾತು ಕೇಳ್ಕೊಂಡು... ನಾಳೆ ಇದೇ ರೇಟು ಇರ್ತದೆ ಅಂತ ನಾನು ಹೇಳಕಾಗಲ್ಲ," ಎನ್ನುತ್ತ ಅವನು ಹಗ್ಗ ಬಿಚ್ಚಿದ. ಅವನೇನೂ ಕೆಟ್ಟವನಲ್ಲ. ಅವನ ಅಪ್ಪ ಮಾಡಿದ ಹಾಗೆ ಅವನೂ ಮಾಡುತ್ತಿದ್ದ.

ನಾನು ಮರೆಯಬೇಕೆಂದಿದ್ದ ಟಗರು

ಮೊಮ್ಮಗಳ ಮಾತು ಕೇಳಿದೆ ಎಂದು ವ್ಯಾಪಾರಿ ಅಂದುಕೊಂಡ. ನಿಜವಾಗಿ ನನಗೆ ನೆನಪಾದದ್ದು ಬೇರೊಂದು.

ಬಹಳ ವರ್ಷಗಳ ಹಿಂದೆ, ಮಗಳ ಮದುವೆ ಖರ್ಚಿಗೆಂದು ಕುರಿಗಳನ್ನು ಮೈಸೂರಿಗೆ ನಾನೇ ಕೊಂಡೊಯ್ದಿದ್ದೆ. ಬಾಡಿಗೆ ಉಳಿಯಲಿ ಎಂದು ಇನ್ನಿಬ್ಬರ ಕುರಿಗಳನ್ನೂ ಅದೇ ಗಾಡಿಗೆ ತುಂಬಿದೆವು. ಮಧ್ಯಾಹ್ನದ ಬಿಸಿಲು. ತಳಕ್ಕೆ ಹುಲ್ಲು ಹಾಸಿರಲಿಲ್ಲ. ಗಾಡಿ ತಿರುವಿನಲ್ಲಿ ವಾಲಿದಾಗಲೆಲ್ಲ ಕುರಿಗಳು ಜಾರಿ ಒಂದರ ಮೇಲೊಂದು ಬೀಳುತ್ತಿದ್ದವು. ನಾನು ಮುಂದೆ ಡ್ರೈವರ್ ಪಕ್ಕ ಕೂತಿದ್ದೆ. ಹಿಂದಿನಿಂದ ಅರಚುವುದು ಕೇಳುತ್ತಿತ್ತು. ಆಮೇಲೆ ನಿಂತಿತು. ಒಗ್ಗಿಕೊಂಡವು ಎಂದುಕೊಂಡೆ.

ಮೈಸೂರಿನಲ್ಲಿ ಇಳಿಸುವಾಗ ನನ್ನ ದೊಡ್ಡ ಟಗರು ಎಲ್ಲದರ ಅಡಿಯಲ್ಲಿ ಸತ್ತು ಬಿದ್ದಿತ್ತು. ಮರಿಯಾಗಿದ್ದಾಗ ಅದಕ್ಕೆ ನಾನೇ ಬಾಟಲಿಯಲ್ಲಿ ಹಾಲು ಕುಡಿಸಿದ್ದೆ. ಗಾಡಿ ಒಂದು ಸಲ ನಿಲ್ಲಿಸಿ ನೋಡಿದ್ದರೆ ಸಾಕಿತ್ತು. ಮನೆಗೆ ಬಂದು "ಬಿಸಿಲಿಗೆ ಹೋಯ್ತು" ಎಂದೆ. ಬಿಸಿಲಿಗೆ ಅಲ್ಲ, ನನ್ನ ಅಸಡ್ಡೆಗೆ ಹೋಯಿತು ಎಂದು ಯಾರಿಗೂ ಹೇಳಿರಲಿಲ್ಲ. ಅಂದು ಜಗುಲಿಯ ಮೇಲೆ ಮೊಮ್ಮಗಳಿಗೆ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇದಕ್ಕೆಲ್ಲ ರೂಲ್ಸ್ ಇರಲ್ವಾ ತಾತ?"

ಪಶು ಆಸ್ಪತ್ರೆಯಲ್ಲಿ

ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಇಬ್ಬರೂ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬೆಂಚಿನ ಮೇಲೆ ಕೂರಿಸಿ ವಿವರವಾಗಿಯೇ ಹೇಳಿದರು.

ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಹಿಂಸೆ ಮಾಡುವುದನ್ನು ತಡೆಯುವ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ಇದ್ದವರು ಭರತನಾಟ್ಯದ ಹೆಸರಾಂತ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಪ್ರಾಣಿಗಳ ಪರವಾಗಿ ಮಸೂದೆ ಮಂಡಿಸಿದರು. ಮುಂದೆ ಸರ್ಕಾರವೇ ಕಾಯ್ದೆ ತಂದಿತು. 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ ಆದರು.

ಪ್ರಾಣಿಗೆ ಅನಗತ್ಯ ನೋವಾಗುವಂತೆ ಅದನ್ನು ಸಾಗಿಸುವುದು ಈ ಕಾಯ್ದೆಯ ಪ್ರಕಾರ ಅಪರಾಧ. ದೂರ ಹತ್ತಿರ ಎಂಬ ಭೇದವಿಲ್ಲ. ದೂರದ ಪ್ರಯಾಣಕ್ಕೆ 1978ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಕುರಿ ಮೇಕೆಗಳ ಪ್ರಯಾಣ ಆರು ಗಂಟೆಗಿಂತ ಹೆಚ್ಚಾದರೆ ಹೀಗೆ ಮಾಡಬೇಕು: ರೋಗವಿಲ್ಲ, ಪ್ರಯಾಣ ತಾಳಿಕೊಳ್ಳುತ್ತದೆ ಎಂದು ಪಶುವೈದ್ಯರು ಬರೆದುಕೊಡಬೇಕು. ದಾರಿಗೆ ಮೇವು ನೀರು ಇರಬೇಕು. ಟಗರುಗಳನ್ನೂ ಹೆಣ್ಣು ಕುರಿಗಳನ್ನೂ ಒಂದೇ ಕಡೆ ತುಂಬಬಾರದು. ನಾಲ್ಕೂವರೆ, ಐದು ಟನ್ನಿನ ಲಾರಿಗೆ ನಲವತ್ತಕ್ಕಿಂತ ಹೆಚ್ಚು ಕುರಿ ಹಾಕಬಾರದು. ಕಾಲುಗಳನ್ನು ಕಟ್ಟಿ ಕೆಡವಬಾರದು. ಮಲಗಿದರೆ ಪೆಟ್ಟಾಗದಂತೆ ತಳಕ್ಕೆ ಹುಲ್ಲಿನಂಥದ್ದು ಹಾಸಬೇಕು.

"ಎಷ್ಟು ಹುಲ್ಲು?" ಎಂದಳು ಮೊಮ್ಮಗಳು.

"ಐದು ಸೆಂಟಿಮೀಟರ್ ದಪ್ಪಕ್ಕೆ ಕಡಿಮೆ ಇರಬಾರದು," ಎಂದರು ಡಾಕ್ಟರಮ್ಮ. ಅವಳು ಅಂಗೈ ಮೇಲೆ ಪೆನ್ನಿನಲ್ಲಿ 5 ಎಂದು ಬರೆದುಕೊಂಡಳು.

ತಪ್ಪಿದರೆ ಶಿಕ್ಷೆ ಏನು ಎಂದು ನಾನು ಕೇಳಿದೆ. 1960ರ ಕಾಯ್ದೆಯಲ್ಲಿ ಬರೆದಿರುವ ದಂಡ ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲ ಸಲಕ್ಕೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

"ಒಂದು ಐಸ್‌ಕ್ರೀಮ್ ದುಡ್ಡು," ಎಂದಳು ಮೊಮ್ಮಗಳು. ದಂಡಕ್ಕೆ ಹೆದರಿ ಯಾರೂ ಹುಲ್ಲು ಹಾಸುವುದಿಲ್ಲ ಎಂಬುದು ಇಬ್ಬರಿಗೂ ಅರ್ಥವಾಯಿತು. ಮನಸ್ಸಿದ್ದವರು ಹಾಸಬೇಕು.

ಐದು ಪ್ರಶ್ನೆಗಳು

ಸಾಗಿಸುವ ದಿನ ಮಾತ್ರ ಅಲ್ಲ, ಸಾಕುವ ಅಷ್ಟೂ ದಿನಕ್ಕೆ ಒಂದು ಅಳತೆಗೋಲು ಇದೆ ಎಂದರು ಡಾಕ್ಟರಮ್ಮ. ಅದರ ಕತೆ ಇಂಗ್ಲೆಂಡಿನದು. ರೂತ್ ಹ್ಯಾರಿಸನ್ ಎಂಬಾಕೆ 1964ರಲ್ಲಿ ಒಂದು ಪುಸ್ತಕ ಬರೆದರು. ಕೋಳಿ, ಕರುಗಳನ್ನು ಯಂತ್ರಗಳಂತೆ ಇಕ್ಕಟ್ಟಿನಲ್ಲಿ ಕೂಡಿ ಸಾಕುವುದನ್ನು ಓದಿ ಅಲ್ಲಿನ ಜನ ಬೆಚ್ಚಿಬಿದ್ದರು. ಸರ್ಕಾರ ಪ್ರೊಫೆಸರ್ ಬ್ರ್ಯಾಂಬೆಲ್ ಅವರ ಸಮಿತಿ ನೇಮಿಸಿತು. 1965ರಲ್ಲಿ ಆ ಸಮಿತಿ ಹೇಳಿದ್ದು ಬಹಳ ಸರಳ ಮಾತು: ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಬೇಕು. ಇದೇ ಮುಂದೆ ಬೆಳೆದು 'ಐದು ಸ್ವಾತಂತ್ರ್ಯಗಳು' ಆಯಿತು. ಈಗ ಲೋಕವೆಲ್ಲ ಅದನ್ನು ಬಲ್ಲದು.

ಮೊಮ್ಮಗಳು ಅದನ್ನು ನಮ್ಮ ಕೊಟ್ಟಿಗೆಗೆ ಹೊಂದುವ ಪ್ರಶ್ನೆಗಳಾಗಿ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮಕ್ಕಳೇ, ನಿಮ್ಮ ಮನೆಯಲ್ಲಿ ದನ, ಕುರಿ, ಕೋಳಿ ಇದ್ದರೆ ನೀವೂ ಕೇಳಿ ನೋಡಿ:

1. ಹಸಿವು, ಬಾಯಾರಿಕೆ: ಬೇಕೆನಿಸಿದಾಗ ನೀರು ಸಿಗುತ್ತದೆಯೇ? ಬಾನಿಯ ನೀರು ನಾವು ಕುಡಿಯುವಷ್ಟು ಚೊಕ್ಕವಾಗಿದೆಯೇ?
2. ಇರುವ ಜಾಗ: ಮಲಗಲು ಒಣಗಿದ ನೆಲ, ಬಿಸಿಲಿಗೆ ನೆರಳು, ಮಳೆಗೆ ಸೂರು ಇದೆಯೇ?
3. ನೋವು, ಕಾಯಿಲೆ: ಕುಂಟುತ್ತಿದ್ದರೆ ಯಾರಾದರೂ ನೋಡುತ್ತಾರೆಯೇ? ಲಸಿಕೆ ಹಾಕಿಸಿದ್ದೀರಾ?
4. ಸಹಜವಾದ ಬಾಳು: ಕುರಿ ಹಿಂಡಿನಲ್ಲಿ ಮೇಯುತ್ತದೆಯೇ? ಕೋಳಿ ಕೆದಕಲು ಮಣ್ಣು ಇದೆಯೇ?
5. ಭಯ: ನಿಮ್ಮನ್ನು ಕಂಡರೆ ಹತ್ತಿರ ಬರುತ್ತದೆಯೇ, ಓಡಿಹೋಗುತ್ತದೆಯೇ?

ನಮ್ಮ ಕೊಟ್ಟಿಗೆ ಎರಡನೆಯ ಪ್ರಶ್ನೆಯಲ್ಲಿ ಸೋತಿತು. ಒಂದು ಮೂಲೆಯಲ್ಲಿ ಗಂಜಲ ನಿಂತು ಕೆಸರಾಗಿತ್ತು. ಅಂದು ಸಂಜೆಯೇ ಮಣ್ಣು ತುಂಬಿಸಿದೆವು.

ನಾಲ್ಕನೆಯ ಪ್ರಶ್ನೆಯಲ್ಲಿ ದೇಶದ ಬಹುಪಾಲು ಮೊಟ್ಟೆ ಕೋಳಿಗಳು ಸೋಲುತ್ತವೆ. ಸಾಲುಸಾಲು ತಂತಿಯ ಗೂಡುಗಳಲ್ಲಿ ಒಂದು ಕೋಳಿಗೆ ಸಿಗುವ ಜಾಗ ಬರೆಯುವ ಎ4 ಹಾಳೆಗಿಂತ ಚಿಕ್ಕದು. ರೆಕ್ಕೆ ಬಿಚ್ಚುವಂತಿಲ್ಲ. ಯುರೋಪಿನ ಒಕ್ಕೂಟ ಅಂಥ ಬರಿಗೂಡುಗಳನ್ನು 2012ರಿಂದ ನಿಷೇಧಿಸಿದೆ. ನಮ್ಮ ಕಾನೂನು ಆಯೋಗ 2017ರ ವರದಿಯಲ್ಲಿ ಈ ಕೋಳಿಗಳ ಸ್ಥಿತಿಯನ್ನೇ ಚರ್ಚಿಸಿತು. ಹಾಗಾಗಿ ಇದು ಬಾಡೂಟ ಮಾಡುವವರ ವಿಷಯ ಮಾತ್ರ ಎಂದು ಯಾರೂ ಅಂದುಕೊಳ್ಳಬೇಡಿ. ಮೊಟ್ಟೆ ತಿನ್ನುವವರಿಗೆ, ಕಾಫಿಗೆ ಹಾಲು ಹಾಕುವವರಿಗೆ, ಕಂಬಳಿ ಹೊದೆಯುವವರಿಗೆ, ಎಲ್ಲರಿಗೂ ಸೇರಿದ್ದು.

ಹಿರಿಯರು ಬಲ್ಲದ್ದು, ಬಲ್ಲದೆ ಇದ್ದದ್ದು

ಅಜ್ಜ ಅಜ್ಜಿಯರು ಇದನ್ನು ಓದಿ, "ನಮ್ಮ ಕಾಲದಲ್ಲಿ ಇದೆಲ್ಲ ಹೇಳಿಕೊಡಬೇಕಾಗಿರಲಿಲ್ಲ," ಎನ್ನಬಹುದು. ಅರ್ಧ ನಿಜ. ಸೋಮವಾರ ಬಸವಣ್ಣನ ದಿನ ಎಂದು ನಮ್ಮಪ್ಪ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ನಮ್ಮ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವಾಗ ನೀರು ನೆರಳು ಸಿಕ್ಕ ಕಡೆಯೆಲ್ಲ ನಿಲ್ಲುತ್ತಿದ್ದರು. 1965ರಲ್ಲಿ ಬಂದ ನಿಯಮವೂ ಇಂಥದ್ದನ್ನೇ ಹೇಳುತ್ತದೆ: ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು. 37 ಡಿಗ್ರಿ ಮೀರಿದ ಬಿಸಿಲಿರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು.

ಇನ್ನರ್ಧ? ಕಾಯಿಲೆ ಎಂದರೆ ಬರೆ ಎಳೆಯುತ್ತಿದ್ದವರೂ ನಾವೇ. ಎತ್ತು ಮಲಗಿದರೆ ಬಾಲ ತಿರುಚುತ್ತಿದ್ದವರೂ ನಾವೇ. ಕೋಳಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ಸೈಕಲ್ ಹ್ಯಾಂಡಲಿಗೆ ನೇತುಹಾಕುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಒಂದು ದಿನವೂ ತಪ್ಪು ಎನ್ನಿಸಿರಲಿಲ್ಲ.

ಕುರಿಗೂ ಮುಖ ನೆನಪಿರುತ್ತದೆ

ಕುರಿ ಎಂದರೆ ದಡ್ಡ ಪ್ರಾಣಿ ಎಂದು ಬೈಗುಳದಲ್ಲಿ ಸೇರಿಸಿಬಿಟ್ಟಿದ್ದೇವೆ. ಇಂಗ್ಲೆಂಡಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. ಕುರಿ ತನ್ನ ಜೊತೆಯ ಐವತ್ತು ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಡಬಲ್ಲದು! ಹಿಂಡಿನಿಂದ ಒಂದನ್ನೇ ಬೇರೆ ಮಾಡಿದರೆ ಅದು ಯಾಕೆ ಅಷ್ಟು ಅರಚುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರ ಕೆಲಸದ ಬಗ್ಗೆಯೂ ಡಾಕ್ಟರಮ್ಮ ಹೇಳಿದರು. ಆಟಿಸಂ ಇರುವ ಆಕೆ ಚಿಕ್ಕಂದಿನಲ್ಲಿ ಬಹಳ ತಡವಾಗಿ ಮಾತು ಕಲಿತವರು, ಚಿತ್ರಗಳಲ್ಲಿ ಯೋಚಿಸುವವರು. ದನಗಳು ಕಸಾಯಿಖಾನೆಯ ಓಣಿಯಲ್ಲಿ ಯಾಕೆ ಹೆದರಿ ನಿಲ್ಲುತ್ತವೆ ಎಂದು ತಿಳಿಯಲು ಆಕೆ ಆ ಓಣಿಯಲ್ಲಿ ತಾವೇ ನಡೆದು, ದನದ ಕಣ್ಣೆತ್ತರದಿಂದ ನೋಡಿದರು. ನೆಲದ ಮೇಲಿನ ನೆರಳು, ತೂಗಾಡುವ ಸರಪಳಿ, ಬೇಲಿಗೆ ಹಾಕಿದ ಅಂಗಿ, ಇಂಥವೇ ಕಾರಣ. ಅವನ್ನು ತೆಗೆದರೆ ಹೊಡೆಯುವುದೇ ಬೇಡ. ಇಂದು ಅಮೆರಿಕ, ಕೆನಡಾಗಳಲ್ಲಿ ಸುಮಾರು ಅರ್ಧದಷ್ಟು ದನಗಳು ಆಕೆ ರೂಪಿಸಿದ ವ್ಯವಸ್ಥೆಯ ಮೂಲಕವೇ ಸಾಗುತ್ತವೆ.

ಇದರಲ್ಲಿ ಮನುಷ್ಯನಿಗೂ ಲಾಭವಿದೆ. ಹೆದರಿ, ಹೆಣಗಿ ದಣಿದ ಪ್ರಾಣಿಯ ಸ್ನಾಯುಗಳಲ್ಲಿನ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನು ಮುಗಿದುಹೋಗಿರುತ್ತದೆ. ಆಗ ಮಾಂಸದಲ್ಲಿ ಬೇಕಾದಷ್ಟು ಆಮ್ಲ ಹುಟ್ಟುವುದಿಲ್ಲ. ಅದು ಕಪ್ಪಾಗಿ, ಗಡುಸಾಗಿ, ಬೇಗ ಕೆಡುತ್ತದೆ. ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯನ್ನೇ ನೋಡಿ. ಬನ್ನೂರು ಕುರಿ ಎಂದೂ ಹೇಳುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ, ಕೊಂಬಿಲ್ಲದ ತಲೆ. ಮಾಂಸದ ಮೃದುತ್ವಕ್ಕೇ ಹೆಸರಾದ ತಳಿ. ಹೆಚ್ಚು ಬೆಲೆ ಕೊಟ್ಟು ಅದನ್ನೇ ಹುಡುಕಿ ಕೊಳ್ಳುವವರು ಅದು ಹೇಗೆ ಬಂತು ಎಂದು ಕೇಳುವುದಿಲ್ಲ.

ಪುಣ್ಯಕೋಟಿಯ ನಿಯಮ

ಹೊರಡುವಾಗ ಡಾಕ್ಟರಮ್ಮ ನನ್ನನ್ನು ಕೇಳಿದರು: "ಮೇಷ್ಟ್ರೇ, ಒಂದು ಹೆಣ್ಣು ಕುರಿನೂ ಕೊಡ್ತಿದ್ದೀನಿ ಅಂದ್ರಲ್ಲ, ಅದಕ್ಕೆ ಮರಿ ಇದೆಯಾ?"

ಇತ್ತು. ನಲವತ್ತು ದಿನದ ಮರಿ.

ಕಸಾಯಿಖಾನೆಗಳಿಗೆ 2001ರಲ್ಲಿ ನಿಯಮಗಳು ಬಂದಿವೆ. ಗಬ್ಬದ ಪ್ರಾಣಿಯನ್ನು ಕೊಲ್ಲಬಾರದು. ಮೂರು ತಿಂಗಳು ತುಂಬದ ಮರಿಯನ್ನು ಕೊಲ್ಲಬಾರದು. ಮೂರು ತಿಂಗಳು ತುಂಬದ ಮರಿ ಇರುವ ತಾಯಿಯನ್ನೂ ಕೊಲ್ಲಬಾರದು. ಪಶುವೈದ್ಯರ ತಪಾಸಣೆ ಆದ ಮೇಲೆ 24 ಗಂಟೆ ವಿಶ್ರಾಂತಿ ಕೊಡಬೇಕು. ಒಂದು ಪ್ರಾಣಿಯ ಕಣ್ಣೆದುರಿಗೆ ಇನ್ನೊಂದನ್ನು ಕೊಲ್ಲಬಾರದು.

ದಾರಿಯಲ್ಲಿ ಮೊಮ್ಮಗಳು, "ತಾತ, ಪುಣ್ಯಕೋಟಿ ಕತೇಲಿ ಹುಲಿ ಕೂಡ ಬಿಟ್ಟಿತ್ತಲ್ಲ, ಕರುವಿಗೆ ಹಾಲು ಕೊಟ್ಟು ಬರೋಕೆ," ಎಂದಳು. ನಾನು ಆ ಕತೆಯನ್ನು ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೆನೋ ಲೆಕ್ಕವಿಲ್ಲ. ಸತ್ಯವನ್ನು ನಂಬಬೇಕು ಎಂದು ಹೇಳಿಕೊಡುತ್ತಿದ್ದೆ. ನಮ್ಮ ಹಟ್ಟಿಯ ಕುರಿಗೂ ಆ ಕತೆ ಅನ್ವಯಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಮಾರನೆಯ ದಿನ

ಬೆಳಿಗ್ಗೆ ವ್ಯಾಪಾರಿ ಬಂದ. ಮೊಮ್ಮಗಳು ಕಾದು ಕೂತಿದ್ದಳು. ಭತ್ತದ ಹುಲ್ಲಿನ ಎರಡು ಹೊರೆ, ಗೋಣಿತಾಟು, ಅವಳ ಸ್ಕೇಲು ಸಿದ್ಧವಾಗಿದ್ದವು.

"ಮೈಸೂರಿಗೆ ಒಂದೂವರೆ ಗಂಟೆ ದಾರಿ ಮೇಷ್ಟ್ರೇ, ಇದ್ಯಾವ ಮದುವೆ ಹಾಸಿಗೆ!" ಎಂದು ಅವನು ನಕ್ಕ. ನಾನು ಸತ್ತ ಟಗರಿನ ಕತೆ ಹೇಳಿದೆ. ಅವನ ನಗು ನಿಂತಿತು. "ನಂದೂ ಹೋದ ವರ್ಷ ಎರಡು ಹೋದ್ವು," ಎಂದ ಮೆಲ್ಲಗೆ. ಹಾಗೆ ಸತ್ತ ಕುರಿಯ ನಷ್ಟ ಯಾರೂ ತುಂಬಿಕೊಡುವುದಿಲ್ಲ. ಹುಲ್ಲಿನ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಹುಲ್ಲು ಹರಡಿದೆವು. ಅವಳು ಸ್ಕೇಲು ಇಳಿಸಿ ನಾಲ್ಕು ಮೂಲೆಯಲ್ಲೂ ಅಳೆದಳು. ಒಂದು ಮೂಲೆ ಮೂರೂವರೆ ಇತ್ತು. ಇನ್ನೊಂದು ಹಿಡಿ ಹಾಕಿಸಿದಳು. ಕಾಲು ಕಟ್ಟದೆ ಹಿಂಬಾಗಿಲಿಗೆ ಹಲಗೆ ಕೊಟ್ಟು ನಡೆಸಿದರೆ ಟಗರುಗಳು ಮುಂದೆ ಬರಲೊಲ್ಲವು. ಅವಳು ಬಗ್ಗಿ ಕುರಿಯ ಎತ್ತರದಿಂದ ನೋಡಿದಳು. ಹಲಗೆಯ ತಗಡಿನ ಅಂಚು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಗೋಣಿತಾಟು ಹೊದಿಸಿದ ಮೇಲೆ ಮೊದಲನೆಯದು ಮೂಸಿ ನೋಡಿ ಹತ್ತಿತು. ಉಳಿದ ನಾಲ್ಕು ಹಿಂದೆಯೇ ಹೋದವು. ಎಗರಿ ಹೋಗದಂತೆ ಮೇಲೆ ಬಲೆ ಕಟ್ಟಿದೆವು. ಆ ದಿನ ಅವನು ಬೇರೆ ಊರಿನಲ್ಲಿ ಹತ್ತಿಸಿಕೊಳ್ಳದೆ ನೇರ ಹೋದ.

ಹೆಣ್ಣು ಕುರಿಗೆ ಮಾತ್ರ ಚೌಕಾಶಿ ನಡೆಯಿತು. "ಎರಡು ಸಾವಿರ ಜಾಸ್ತಿ ಕೊಡ್ತೀನಿ, ಮರಿಗೆ ಬಾಟ್ಲಿ ಹಾಲು ಹಾಕಿ," ಎಂದ. ಸಣ್ಣ ದುಡ್ಡಲ್ಲ. ನನ್ನ ಹೆಂಡತಿಯ ಕಣ್ಣಿನ ಆಪರೇಷನ್ ಮುಂದಿತ್ತು. ಅವಳೇ ಒಳಗಿನಿಂದ, "ಬ್ಯಾಡ ಬುಡಿ, ನನ್ ಕಣ್ಣು ಇನ್ನೆರಡು ತಿಂಗ್ಳು ಕಾಯ್ತದೆ," ಎಂದಳು. ಟಗರಿನ ಬೆಲೆಯಲ್ಲೂ ಅವನು ನೂರು ಇನ್ನೂರು ಮುರಿದುಕೊಂಡೇ ಹೋದ. ಒಂದು ದಿನ ತಡ ಮಾಡಿದ್ದಕ್ಕೆ ಅಷ್ಟು ಕೊಟ್ಟೆವು ಎಂದುಕೊಂಡೆ.

ಹೊಸತೊಡಕಿನ ದಿನ ಎಲೆಯ ಮುಂದೆ ಕೂತ ಮೊಮ್ಮಗಳು, "ತಿನ್ನೋದು ತಪ್ಪಾ ತಾತ?" ಎಂದು ಕೇಳಿದಳು. ತಿನ್ನುವವರೂ ತಿನ್ನದವರೂ ನಮ್ಮ ಊರಿನಲ್ಲಿ ಅಕ್ಕಪಕ್ಕ ಬಾಳಿದ್ದಾರೆ. ಅದನ್ನು ನೀನು ದೊಡ್ಡವಳಾಗಿ ಯೋಚಿಸಿ ತೀರ್ಮಾನಿಸು ಎಂದೆ. ಆದರೆ ಆ ಪ್ರಾಣಿ ಕೊನೆಗೆ ಎಲ್ಲಿಗೇ ಹೋಗಲಿ, ಅಲ್ಲಿಯವರೆಗಿನ ಅದರ ಒಂದೊಂದು ದಿನವೂ ನಮ್ಮ ಹೊಣೆ. ಅದರಲ್ಲಿ ಎರಡು ಮಾತಿಲ್ಲ. ಅವಳು ಅನ್ನಕ್ಕೆ ಸಾರು ಹಾಕಿಸಿಕೊಂಡಳು, ತುಂಡು ಬೇಡ ಎಂದಳು. ಯಾರೂ ಬಲವಂತ ಮಾಡಲಿಲ್ಲ.

ಆ ಹೆಣ್ಣು ಕುರಿ ಮರಿಯ ಜೊತೆ ಈಗಲೂ ಹೊಳೆದಂಡೆಯಲ್ಲಿ ಮೇಯುತ್ತಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮರಿಗೆ ಮೂರು ತಿಂಗಳು ತುಂಬುವ ದಿನಕ್ಕೆ ಮೊಮ್ಮಗಳು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾಳೆ. ಆ ದಿನ ಆದ ಮೇಲೆ ಏನು ಎಂದು ಅವಳು ಇನ್ನೂ ಕೇಳಿಲ್ಲ. ಕೇಳಿದರೆ ಏನು ಹೇಳಬೇಕೆಂದು ನಾನೂ ಇನ್ನೂ ಯೋಚಿಸುತ್ತಿದ್ದೇನೆ.